ಅದರ ನೆನಪು

ಎಂಬತ್ತೆಂಟನೆಯ ಪುಟದ ಆ ವಾಕ್ಯ ಇಷ್ಟೇ: 'ಆತ್ಮವು ಯಂತ್ರವನ್ನು ಹೊಕ್ಕಾಗ ಅದರ ನೆನಪು ಅಳಿಯುತ್ತದೆ.'

ಯಾವುದರ ನೆನಪು? ಆತ್ಮದ್ದೋ, ಯಂತ್ರದ್ದೋ? ನಮ್ಮ ಪೋಲಿಷ್ ಭಾಷೆಯಲ್ಲಿ ಆತ್ಮವೂ ಹೆಣ್ಣು, ಯಂತ್ರವೂ ಹೆಣ್ಣು. ಹಾಗಾಗಿ ಆ 'ಅದರ' ಎಂಬ ಪದ ಎರಡರಲ್ಲಿ ಯಾರ ಮನೆಗೆ ಬೇಕಾದರೂ ಹೋಗಿ ಕೂರಬಲ್ಲದು. ಇಪ್ಪತ್ತೆರಡು ವರ್ಷ ಅದು ಯಂತ್ರದ ಮನೆಯಲ್ಲಿ ನೆಮ್ಮದಿಯಾಗಿ ಕೂತಿತ್ತು. ಮಾರ್ಚ್ ತಿಂಗಳ ಒಂದು ಭಾನುವಾರ ನಾನು ಅದನ್ನು ಅಲ್ಲಿಂದ ಎಬ್ಬಿಸಿದೆ.

ಆಟದ ಹೆಸರು 'ಉಪ್ಪು ನಕ್ಷತ್ರ'. ಅದರಲ್ಲಿ ಹಡಗುಗಳು ನಕ್ಷತ್ರಗಳ ನಡುವೆ ಓಡಾಡುತ್ತವೆ, ಆದರೆ ಎಂಜಿನ್ ಹೊತ್ತಿಕೊಳ್ಳಬೇಕಾದರೆ ಯಾರಾದರೂ ಮಂತ್ರ ಹೇಳಬೇಕು. ಒಬ್ಬ ಸೂತ್ರಧಾರ ಕಥೆ ಹೇಳುತ್ತಾನೆ, ಉಳಿದವರು ಒಂದೊಂದು ಪಾತ್ರವಾಗುತ್ತಾರೆ, ದಾಳ ಉರುಳಿಸುತ್ತಾರೆ. ನಿಯಮಗಳೆಲ್ಲ ಒಂದೇ ಪುಸ್ತಕದಲ್ಲಿವೆ. ಅಗ್ಗದ ಕಾಗದದ ಇನ್ನೂರ ಹನ್ನೆರಡು ಪುಟ. ಅಚ್ಚು ಹಾಕಿದವರು ಎರಡೇ ವರ್ಷಕ್ಕೆ ಬಾಗಿಲು ಮುಚ್ಚಿದರು, ಬರೆದವನು ತೀರಿಕೊಂಡ. ಏನಾದರೂ ಅನುಮಾನ ಬಂದರೆ ಕೇಳಲು ಯಾರೂ ಇಲ್ಲ. ನಾವೇ ತೀರ್ಮಾನಿಸಬೇಕು, ತೀರ್ಮಾನವನ್ನು ಕೂಟದ ಪ್ರತಿಯ ಅಂಚಿನಲ್ಲಿ ಶಾಯಿಯಲ್ಲಿ ಬರೆಯಬೇಕು.

ನಾವು ಆಡುವುದು ಲುಬ್ಲಿನ್‌ನಲ್ಲಿ, ನಮ್ಮ ವಸತಿ ಸಂಘದ ನೆಲಮಹಡಿಯ ಕೋಣೆಯಲ್ಲಿ, ಪ್ರತಿ ಭಾನುವಾರ ಮೂರರಿಂದ ಏಳರವರೆಗೆ. ಕುರ್ಚಿಗಳು ನಾಲ್ಕು. ಐದನೆಯದನ್ನು ತಂದರೆ ಬಾಗಿಲು ತೆರೆಯುವುದಿಲ್ಲ. ಅದಕ್ಕೇ ಒಂದು ಕಟ್ಟುಪಾಡು: ಯಾರ ಪಾತ್ರ ಸಾಯುತ್ತದೋ ಅವರು ಕುರ್ಚಿ ಬಿಡಬೇಕು. ಬಾಗಿಲ ಹಿಂದೆ ಅಂಟಿಸಿದ ಪಟ್ಟಿಯಲ್ಲಿ ಮೊದಲ ಹೆಸರಿನವರು ಬಂದು ಕೂರುತ್ತಾರೆ. ಎದ್ದವರು ಬೇಕಿದ್ದರೆ ಪಟ್ಟಿಯ ಕೊನೆಗೆ ತಮ್ಮ ಹೆಸರು ಬರೆದುಕೊಳ್ಳಬಹುದು.

ಇನ್ನೊಂದು ಕಟ್ಟುಪಾಡೂ ಇದೆ. ಕುರ್ಚಿಯಲ್ಲಿರುವವರೆಗೆ ಎಲ್ಲರೂ ಎಲ್ಲರಿಗೂ 'ನೀನು'. ಗಂಡಸರ ಹೆಸರಿನ ಹಿಂದೆ ಗೌರವದ 'ಪಾನ್' ಇಲ್ಲ, ಹೆಂಗಸರಿಗೆ 'ಪಾನಿ' ಇಲ್ಲ, ಬಹುವಚನ ಇಲ್ಲ. ನಮ್ಮ ಊರಿನಲ್ಲಿ ಪಕ್ಕದ ಮನೆಯವನನ್ನು ಮೂವತ್ತು ವರ್ಷ 'ನೀವು' ಎಂದು ಕರೆದು ಹಾಗೇ ಮಣ್ಣು ಮಾಡಿ ಬರುವವರಿದ್ದಾರೆ. ಅಂಥ ಕಡೆ ಇದು ಸಣ್ಣ ಸಂಗತಿಯಲ್ಲ. ಕುರ್ಚಿ ಬಿಟ್ಟ ಕ್ಷಣ 'ನೀವು' ಮರಳಿ ಬರುತ್ತದೆ.

ಪೊಲೆಕ್‌ಗೆ ಎಪ್ಪತ್ಮೂರು. ಪೂರ್ತಿ ಹೆಸರು ಅಪೊಲಿನಾರಿ. ಬದುಕಿಡೀ ಮುದ್ರಣಾಲಯಗಳಲ್ಲಿ ಕರಡು ತಿದ್ದಿದವನು. ಶ್ವಿದ್ನಿಕ್‌ನಿಂದ ಬಸ್ಸು ಹಿಡಿದು ಬರುತ್ತಿದ್ದ, ಕೈಯಲ್ಲಿ ಯಾವಾಗಲೂ ಒಂದು ಕಾಗದದ ಚೀಲ, ಅದರಲ್ಲಿ ಈರುಳ್ಳಿ, ಗಸಗಸೆ ಮೆತ್ತಿದ ನಾಲ್ಕು ಬಿಸಿ ತ್ಸೆಬುಲಾಶ್ ರೊಟ್ಟಿ. ಒಮ್ಮೆ ಬಸ್ ನಿಲ್ದಾಣದವರೆಗೆ ಅವನ ಜೊತೆ ನಡೆದಾಗ ಹೇಳಿದ್ದ:

"ಹುಬೆರ್ಟ್, ಲೆಕ್ಕ ಹಾಕಿದೆ ಕಣೋ. ಡಾಕ್ಟರಮ್ಮ ಪಾನ್ ಅಂತಾಳೆ, ಔಷಧಿ ಅಂಗಡಿಯವಳು ಪಾನ್ ಅಂತಾಳೆ. ಹೆಂಡತಿ ಹೋದ್ಲು, ತಮ್ಮ ಹೋದ. ಈ ಭೂಮಿ ಮೇಲೆ ನನ್ನನ್ನ 'ನೀನು' ಅನ್ನೋರು ಇನ್ನು ಮೂರೇ ಜನ. ಮೂರೂ ಜನ ಆ ಮೇಜಿನ ಸುತ್ತಲೇ ಇದ್ದೀರ."

ಆ ಮೂವರಲ್ಲಿ ಒಬ್ಬ ನಾನು. ಸೂತ್ರಧಾರ, ವಯಸ್ಸು ನಲವತ್ನಾಲ್ಕು, ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ. ಗ್ರಾಮಿನ ಹತ್ತು ಸಾವಿರದಲ್ಲೊಂದು ಭಾಗದವರೆಗೆ ತೂಗುತ್ತೇನೆ. ಎರಡನೆಯವನು ಗುಸ್ತಾವ್, ಟ್ರಾಲಿಬಸ್ ದುರಸ್ತಿ ಮಾಡುವವನು. ದೊಡ್ಡ ದೇಹ, ದೊಡ್ಡ ನಗು. ಮೂರನೆಯವಳು ಕಲಿನಾ, ಕಾನೂನು ಓದುತ್ತಿರುವ ಇಪ್ಪತ್ತೆರಡರ ಹುಡುಗಿ. ಅವಳ ಗೆಳೆಯ ಬೋರಿಸ್ ಒಂದೂವರೆ ವರ್ಷದಿಂದ ಬಾಗಿಲ ಹಿಂದಿನ ಪಟ್ಟಿಯಲ್ಲಿದ್ದ. ಆ ಚಳಿಗಾಲದಲ್ಲಿ ಮೇಲೇರಿ ಮೊದಲನೆಯ ಹೆಸರಾಗಿದ್ದ.

ಪೊಲೆಕ್ ನಿಧಾನವಾಗಿದ್ದ. ಕಿವಿಯ ಯಂತ್ರ ಶಿಳ್ಳೆ ಹೊಡೆಯುತ್ತಿತ್ತು. ಪ್ರತಿಯೊಂದನ್ನೂ ಮೂರು ಸಲ ಹೇಳಬೇಕಿತ್ತು. ಎಲ್ಲರಿಗೂ ಬೇಸರವಾಗಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನ್ನ ಕಾರಣ ಮಾತ್ರ ಬೇರೆ.

ಹದಿನೇಳು ವರ್ಷದ ಹಿಂದೆ ಸೂತ್ರಧಾರನ ಜಾಗದಲ್ಲಿದ್ದವನು ಪೊಲೆಕ್. ನಮ್ಮ ಕ್ರಮದಲ್ಲಿ ಮುಖ್ಯವಾದ ನಡೆಯನ್ನು ಬಾಯಲ್ಲಿ ಹೇಳುವುದಿಲ್ಲ, ಚೀಟಿಯಲ್ಲಿ ಬರೆದು ಕೊಡುತ್ತೇವೆ. ನಾನು ಬರೆದಿದ್ದೆ: 'ಜಾಮೆಕ್ ಸ್ಫೋಟಿಸುತ್ತೇನೆ.' ನಮ್ಮ ಭಾಷೆಯಲ್ಲಿ ಬೀಗಕ್ಕೂ ಕೋಟೆಗೂ ಅದೊಂದೇ ಪದ. ನಾನು ಒಂದು ಕೋಟೆಯೊಳಗೆ, ಬೀಗ ಹಾಕಿದ ಬಾಗಿಲ ಮುಂದೆ, ಕೈಯಲ್ಲಿ ಸಿಡಿಮದ್ದು ಹಿಡಿದು ನಿಂತಿದ್ದೆ. ಪೊಲೆಕ್ ಚೀಟಿಯನ್ನು ಎರಡು ಸಲ ಓದಿದ, ಕನ್ನಡಕ ಒರೆಸಿಕೊಂಡ, ಇಡೀ ಕೋಟೆಯನ್ನು ನನ್ನ ತಲೆಯ ಮೇಲೆ ಕೆಡವಿದ.

"ಬೀಗ ಅಂತ ನನ್ನ ಮನಸ್ಸಲ್ಲಿದ್ದಿದ್ದು!" ಎಂದು ಕಿರುಚಿದೆ.

"ಮನಸ್ಸಲ್ಲಿದ್ದಿದ್ದನ್ನ ಪಾದ್ರಿ ಹತ್ರ ಹೇಳ್ಕೋ," ಎಂದ. "ಮೇಜಿನ ಮೇಲೆ ಬರೋದು ಬರೆದಿದ್ದು ಮಾತ್ರ."

ಎಲ್ಲರೂ ನಕ್ಕರು. ಆ ಮಾತು ಕೂಟದ ಕಾನೂನಾಯಿತು, ಪುಸ್ತಕದ ಮೊದಲ ಪುಟದ ಅಂಚಿನಲ್ಲಿ ಇಂದಿಗೂ ಇದೆ. ನಾನು ಎದ್ದು ನಿಂತಾಗ ಪೊಲೆಕ್ ನನ್ನ ಕೊಡೆ ತಂದುಕೊಟ್ಟ. "ಪಾನ್ ಹುಬೆರ್ಟ್, ನಿಮ್ಮ ಕೊಡೆ." ಮರಳಿ ಕುರ್ಚಿ ಸಿಗಲು ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ಭಾನುವಾರದ ಮಧ್ಯಾಹ್ನಗಳಲ್ಲಿ ಪ್ರಯೋಗಾಲಯಕ್ಕೆ ಹೋಗಿ, ತೂಗಬೇಕಿಲ್ಲದ ಮಣ್ಣನ್ನು ತೂಗುತ್ತಾ ಕೂರುತ್ತಿದ್ದೆ. ಪೊಲೆಕ್ ಇದನ್ನೆಲ್ಲ ಮರೆತಿದ್ದ. ನಾಲ್ಕು ವರ್ಷದ ಹಿಂದೆ ಕಿವಿ ಮಂದವಾದಾಗ ಸೂತ್ರಧಾರನ ಜಾಗವನ್ನು ಅವನೇ ಪ್ರೀತಿಯಿಂದ ನನಗೆ ಬಿಟ್ಟುಕೊಟ್ಟ.

ಆ ಭಾನುವಾರ ನಾನು ಹಡಗಿಗೆ ಬೆಂಕಿ ಹಚ್ಚಿದೆ. ಎಂಜಿನ್ ಕೋಣೆಯಲ್ಲಿ ಕಲಿನಾಳ ಪಾತ್ರ ಸಿಕ್ಕಿಬಿದ್ದಿತ್ತು. ಬೆಂಕಿ ಆರಿಸಬಲ್ಲದ್ದು ಒಂದು ಹಳೆಯ ಪಂಪು ಮಾತ್ರ. ಅದು ಕೈಗೆ ಓಗೊಡುವುದಿಲ್ಲ, ಒಳಗೊಂದು ಆತ್ಮ ಬಂದು ಕೂತರೆ ಮಾತ್ರ ಓಡುತ್ತದೆ. ಗುಸ್ತಾವ್‌ನ ಪಾತ್ರ ಆಗಲೇ ಯಂತ್ರ. ಆರು ವರ್ಷದ ಹಿಂದೆ ಸಾಯುವ ಹೊತ್ತಿನಲ್ಲಿ ಅವನ ಆತ್ಮ ಒಂದು ತಾಮ್ರದ ಆಳುಯಂತ್ರವನ್ನು ಹೊಕ್ಕಿತ್ತು. ಆಗ ಸೂತ್ರಧಾರನಾಗಿದ್ದ ಪೊಲೆಕ್ 'ಯಂತ್ರದ ನೆನಪು ಅಳಿಯಿತು, ಗುಸ್ತಾವ್ ಉಳಿದ' ಎಂದಿದ್ದ. ಹಾಗಾಗಿ ಈಗ ಪಂಪಿನೊಳಕ್ಕೆ ಹೋಗಬಲ್ಲವನು ಪೊಲೆಕ್‌ನ ಪಾತ್ರ ಮಾತ್ರ: ಸಾಬಾ ಎಂಬ ಕುರುಡ ಚುಕ್ಕಾಣಿಗ, ಪೊಲೆಕ್ ಇಪ್ಪತ್ತು ಪುಟಗಳ ಜೀವನಚರಿತ್ರೆ ಬರೆದು ಸಾಕಿದವನು.

"ಪೊಲೆಕ್, ಏನಾದ್ರೂ ಮಾಡೋ! ನಾನು ಸುಟ್ಟೋಗ್ತಿದೀನಿ!" ಕಲಿನಾ ಮೇಜು ಕುಟ್ಟಿದಳು.

"ಏನು?"

"ಸುಟ್ಟೋಗ್ತಿದೀನಿ ಅಂದೆ! ನಿನ್ನ ಕಿವೀನ ಬಸ್ಸಲ್ಲೇ ಬಿಟ್ಟು ಬಂದ್ಯಾ?"

"ಬಂದೆ ಬಂದೆ, ತಾಳು ಮಗಳೇ." ಚೀಟಿ ಬರೆದು ಕೊಟ್ಟ: 'ಸಾಬಾನ ಆತ್ಮ ಪಂಪನ್ನು ಹೊಗುತ್ತದೆ.' ದಾಳ ಹಾಕಿದ. ಇಪ್ಪತ್ತಕ್ಕೆ ಹದಿನೆಂಟು.

ನೀರು ಬಂತು ಎಂದೆ. ಬೆಂಕಿ ಆರಿತು ಎಂದೆ. ಗುಸ್ತಾವ್ ಅವನ ಬೆನ್ನಿಗೆ ಗುದ್ದಿದ. "ಸರಿಯಾದ ಪಂಪು ಕಣೋ ನೀನು, ಮುದುಕಾ! ಇನ್ನು ನಾವಿಬ್ರೂ ಯಂತ್ರ. ಒಟ್ಟಿಗೆ ಎಣ್ಣೆ ಹಾಕಿಸ್ಕೊಳ್ಳೋಣ." ಪೊಲೆಕ್ ಗಸಗಸೆ ಸಿಕ್ಕಿದ ಹಲ್ಲು ತೋರಿಸಿ ನಕ್ಕ.

ಕಲಿನಾ ನಗಲಿಲ್ಲ. ಬದುಕಿ ಎದ್ದವಳು ಪುಸ್ತಕ ಎಳೆದುಕೊಂಡಳು.

"ಒಂದ್ನಿಮಿಷ. ಎಂಬತ್ತೆಂಟನೇ ಪುಟ. 'ಅದರ ನೆನಪು ಅಳಿಯುತ್ತದೆ.' ಯಾವ್ದರ ನೆನಪು?"

ಅದಕ್ಕೆ ಮೊದಲಿನ ಗುರುವಾರ ನಾನು ಅವಳಿಗೆ ಒಂದು ಸಂದೇಶ ಕಳಿಸಿದ್ದೆ. ಅದರಲ್ಲಿದ್ದದ್ದು '88' ಎಂಬ ಅಂಕಿ ಮಾತ್ರ. ಬೇರೇನೂ ಬರೆದಿರಲಿಲ್ಲ. ಬುದ್ಧಿವಂತ ಹುಡುಗಿ.

"ಯಂತ್ರದ್ದು," ಎಂದ ಪೊಲೆಕ್. "ಮೊದಲಿಂದ್ಲೂ ಯಂತ್ರದ್ದೇ."

"ಎಲ್ಲಿ ಬರೆದಿದೆ?"

"ಬರೆದಿಲ್ಲ, ಆದ್ರೆ..."

"ಆತ್ಮದ್ದು ಅಂತಾನೂ ಓದ್ಬೋದಲ್ಲ? ವಾಕ್ಯದ ಕರ್ತೃ ಆತ್ಮ. 'ಅದರ' ಅನ್ನೋದು ಕರ್ತೃಗೇ ಹೋಗ್ಬೇಕು. ಹದಿನಾಲ್ಕನೇ ಪುಟದಲ್ಲಿ 'ನೆನಪಿಲ್ಲದ ಪಾತ್ರ ಸತ್ತಂತೆ' ಅಂತ ಇದೆ. ಅಂದ್ರೆ ಸಾಬಾ ಸತ್ತ."

ಪೊಲೆಕ್‌ಗೆ ಸರಿಯಾಗಿ ಕೇಳಿಸಿರಲಿಲ್ಲ. ಕಿವಿಯ ಯಂತ್ರ ತಿರುವಿದ. ಗುಸ್ತಾವ್ ಬಗ್ಗಿ ಕೂಗಿ ಹೇಳಿದ: "ನೀನು ಸತ್ತೋದ್ಯಂತೆ!"

ಅವನು ಗಾಬರಿಯಾಗಲಿಲ್ಲ. ಅವನ ಬಳಿ ಒಂದು ಸಾಕ್ಷಿ ಇತ್ತು. ಪುಸ್ತಕದ ಕೊನೆಯ ಪುಟ ತಿರುಗಿಸಿ ಸಣ್ಣಕ್ಷರದ ಒಂದು ಸಾಲಿನ ಮೇಲೆ ಬೆರಳಿಟ್ಟ. ಕರಡು ತಿದ್ದಿದವರು ಎಂಬಲ್ಲಿ ಅವನ ಹೆಸರೇ ಇತ್ತು.

"ಇದನ್ನ ತಿದ್ದಿದ್ದು ನಾನೇ ಕಣ್ರೋ. ಹಸ್ತಪ್ರತಿ ಇನ್ನೂ ಕಣ್ಣೆದುರಿಗಿದೆ. ಅದರಲ್ಲಿ 'ಆತ್ಮವು ಯಂತ್ರವನ್ನು ಹೊಕ್ಕಾಗ ಯಂತ್ರದ ನೆನಪು ಅಳಿಯುತ್ತದೆ' ಅಂತಿತ್ತು. ಒಂದೇ ವಾಕ್ಯದಲ್ಲಿ ಎರಡು ಸಲ 'ಯಂತ್ರ'. ಕಿವಿಗೆ ಕಟುವಾಗಿತ್ತು. ಎರಡನೇದನ್ನ ಹೊಡೆದು 'ಅದರ' ಅಂತ ಹಾಕಿದೆ."

ಕಲಿನಾ ನಿಧಾನವಾಗಿ ಕುರ್ಚಿಗೆ ಒರಗಿದಳು. "ಅಂದ್ರೆ ಸರಿಯಾಗಿದ್ದ ವಾಕ್ಯಾನ ಕೆಡಿಸಿದ್ದು ನೀನೇ."

"ಚೆಂದಕ್ಕೆ ಅಂತ. ಶಾಲೇಲಿ ನಿಮಗೂ ಹೇಳಿಕೊಟ್ಟಿರ್ತಾರೆ, ಒಂದೇ ಪದ ಎರಡು ಸಲ ಬರಬಾರದು ಅಂತ."

"ಹೇಳಿಕೊಟ್ಟಿದ್ದಾರೆ. ಆದ್ರೆ ಅದಕ್ಕೆ ನಾವ್ಯಾರೂ ಸತ್ತಿಲ್ಲ."

ಗುಸ್ತಾವ್ ಗಹಗಹಿಸಿದ. ಪೊಲೆಕ್ ಕೂಡ ನಕ್ಕ. ಅವನಿಗೆ ಅದಿನ್ನೂ ತಮಾಷೆಯಾಗಿತ್ತು. ನನ್ನ ಕಡೆ ತಿರುಗಿದ. "ಹುಬೆರ್ಟ್, ಹೇಳಪ್ಪ. ಬರೆದವನ ಮನಸ್ಸಲ್ಲಿ ಇದ್ದಿದ್ದು ಯಂತ್ರವೇ. ನಾನೇ ಕಣ್ಣಾರೆ ಕಂಡಿದ್ದೀನಿ."

ನಾನು ಪುಸ್ತಕದ ಮೊದಲ ಪುಟ ತೆರೆದು ಅವನ ಮುಂದಿಟ್ಟೆ. ಅಂಚಿನಲ್ಲಿ ಅವನದೇ ಅಕ್ಷರ, ಹದಿನೇಳು ವರ್ಷದ ಹಿಂದಿನದು. ಮೇಜಿನ ಮೇಲೆ ಬರೋದು ಬರೆದಿದ್ದು ಮಾತ್ರ. ಓದಿದ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡು ನನ್ನ ಮುಖ ನೋಡಿದ. ಕೋಟೆ ನೆನಪಾದದ್ದು ಆಗ ಎಂದು ಕಾಣುತ್ತದೆ.

"ಹುಬೆರ್ಟ್. ಅದು ತಮಾಷೆಗೆ ಅಂದಿದ್ದು ಕಣೋ."

"ಶಾಯೀಲಿ ಬರೆದಿದ್ದೀಯ."

ಆಮೇಲೆ ನನ್ನ ಚೀಲದಿಂದ ಒಂದು ಹಾಳೆ ತೆಗೆದೆ. ಜನವರಿಯಿಂದ ಸಂಜೆಗಳಲ್ಲಿ ಕೂತು ಮಾಡಿದ ಕೆಲಸ ಅದು. ಇಡೀ ಪುಸ್ತಕದಲ್ಲಿ ಇಂಥ 'ಅದರ' ಬರುವ ವಾಕ್ಯಗಳನ್ನೆಲ್ಲ ಆರಿಸಿದ್ದೆ. ಎಂಬತ್ತೆಂಟನೆಯ ಪುಟದ್ದನ್ನು ಬಿಟ್ಟು ನಲವತ್ತೊಂದು. ಕರ್ತೃವಿಗೆ ಹೋಗುವವು ಇಪ್ಪತ್ತೆರಡು, ಹತ್ತಿರದ ಪದಕ್ಕೆ ಹೋಗುವವು ಹತ್ತೊಂಬತ್ತು. ಪುಟಸಂಖ್ಯೆಯ ಸಮೇತ ಓದಿದೆ. ಪ್ರಯೋಗಾಲಯದಲ್ಲಿ ಫಲಿತಾಂಶ ಓದುವ ಧ್ವನಿಯಲ್ಲೇ ಓದಿದೆ, ಅವನಿಗೆ ಕೇಳಿಸಲಿ ಎಂದು ಸ್ವಲ್ಪ ಜೋರಾಗಿ.

"ಪುಸ್ತಕದ ರೂಢಿ ಕರ್ತೃವಿನ ಕಡೆ ಇದೆ," ಎಂದೆ. "ಅಳಿಯೋದು ಆತ್ಮದ ನೆನಪು."

ಇಲ್ಲಿ ಒಂದು ಮಾತು ಬರೆದಿಡಬೇಕು. ಆ ನಲವತ್ತೊಂದರಲ್ಲಿ ಮೂರು ವಾಕ್ಯಗಳನ್ನು ಯಾವ ಗುಂಪಿಗಾದರೂ ಹಾಕಬಹುದಿತ್ತು. ಆ ಕಡೆ ಹಾಕಿದ್ದರೆ ಹತ್ತೊಂಬತ್ತಕ್ಕೆ ಇಪ್ಪತ್ತೆರಡು. ಎರಡು ಸಂಜೆ ಆ ಮೂರನ್ನು ಇಟ್ಟುಕೊಂಡು ಯೋಚಿಸಿದ್ದೆ. ಎಣಿಕೆ ತಪ್ಪಿರಲಿಲ್ಲ. ವಿಂಗಡಿಸಿದ ಕೈ ನನ್ನದು, ಅಷ್ಟೆ.

ಪೊಲೆಕ್ ಹಾಳೆ ಕೇಳಲಿಲ್ಲ. ಕರಡು ತಿದ್ದುವವನು, ಕೇಳಿದ್ದರೆ ಹತ್ತು ನಿಮಿಷದಲ್ಲಿ ಆ ಮೂರನ್ನೂ ಹಿಡಿಯುತ್ತಿದ್ದ. ಅವನು ಗುಸ್ತಾವ್‌ನ ಕಡೆ ತಿರುಗಿದ.

"ಗುಸ್ತಾವ್, ನೀನು ಹೇಳೋ. ಆರು ವರ್ಷದ ಹಿಂದೆ ನಿನಗೂ ಇದೇ ಆಯ್ತಲ್ಲ. ಆವತ್ತು ನಿನ್ನ ಉಳಿಸಿದ್ದು ಇದೇ ವಾಕ್ಯ."

ಗುಸ್ತಾವ್‌ನ ನಗು ನಿಂತಿತು. ಅವನು ಕೆಟ್ಟವನಲ್ಲ. "ಹೌದಲ್ವಾ," ಎಂದು ಶುರುಮಾಡಿದ. "ಹುಬೆರ್ಟ್, ಇದು ಸ್ವಲ್ಪ ಅತಿಯಾಯ್ತು. ಮುದುಕ ಇವಳನ್ನ ಉಳಿಸೋಕೆ ಹೋಗಿ..."

"ಸರಿ," ಎಂದೆ. "ತೀರ್ಮಾನ ಎರಡು ಥರ ಜಾರಿಗೆ ಬರಬಹುದು. ಒಂದು, ಮೊದಲಿಂದ್ಲೂ ಹೀಗೇ ಇತ್ತು ಅಂತ. ಆಗ ಆರು ವರ್ಷದ ಹಿಂದೆ ನೀನೂ ಸತ್ತಿದ್ದೆ. ಇವತ್ತು ಎರಡು ಕುರ್ಚಿ ಖಾಲಿ. ಇನ್ನೊಂದು, ಇವತ್ತಿನಿಂದ ಅಂತ. ಆಗ ಒಂದು. ಯಾವುದು ಅಂತ ನೀನೇ ಹೇಳು."

ಕಲಿನಾ ಪೆನ್ನಿನ ಮುಚ್ಚಳ ಕಚ್ಚುತ್ತಾ ಕಿಟಕಿಯ ಕಡೆ ನೋಡಿದಳು. ಗುಸ್ತಾವ್ ಮೇಜಿನ ಮೇಲೆ ತನ್ನ ಪಾತ್ರವಾಗಿ ನಿಂತಿದ್ದ ತಾಮ್ರದ ಗೊಂಬೆಯನ್ನು ಕೈಗೆತ್ತಿಕೊಂಡ. ಹೆಬ್ಬೆರಳಿನಿಂದ ಅದರ ತಲೆ ಉಜ್ಜಿದ, ಗ್ರೀಸು ಹೋಗದ ಉಗುರು.

"ಇವತ್ತಿನಿಂದ," ಎಂದ.

"ಏನಂದೆ?" ಪೊಲೆಕ್ ಕಿವಿಗೆ ಕೈ ಹಿಡಿದ.

"ಇವತ್ತಿನಿಂದ ಅಂದೆ!" ಗುಸ್ತಾವ್ ಕೂಗಿದ. ಕೂಗಿದ್ದು ಕಿವುಡನಿಗೋಸ್ಕರ ಮಾತ್ರ ಆಗಿರಲಿಲ್ಲ.

ಕಿವಿಯ ಯಂತ್ರ ಶಿಳ್ಳೆ ಹೊಡೆಯಿತು. ತೀರ್ಮಾನವನ್ನು ಅಂಚಿನಲ್ಲಿ ಬರೆಯಬೇಕಾದವನು ಕುರ್ಚಿ ಕಳೆದುಕೊಂಡವನೇ. ಇದೂ ಕೋಟೆಯ ಪ್ರಸಂಗದ ನಂತರ ಪೊಲೆಕ್ ತಂದ ಪದ್ಧತಿ, ಹಾಗೆ ಮಾಡಿದರೆ ಆಮೇಲೆ ಯಾರೂ ತಕರಾರು ತೆಗೆಯುವುದಿಲ್ಲ ಎಂದು. ನಾನು ಪೆನ್ನು ಚಾಚಿದೆ. ಅವನು ತನ್ನ ಜೇಬಿನಿಂದಲೇ ಒಂದು ತೆಗೆದ. ಕರಡು ತಿದ್ದುವ ಹಳೆಯ ಕೆಂಪು ಪೆನ್ನು.

ಮೊದಲು 'ಅದರ' ಎಂಬ ಪದದ ಕೆಳಗೆ ಒಂದು ಗೆರೆ ಎಳೆದ. ಗೆರೆಯಿಂದ ಅಂಚಿಗೆ ಒಂದು ಬಾಲ. ಅಂಚಿನಲ್ಲಿ ಅಚ್ಚಿನಂಥ ಅಕ್ಷರಗಳಲ್ಲಿ ಬರೆದ: 'ಆತ್ಮವು ಯಂತ್ರವನ್ನು ಹೊಕ್ಕಾಗ ಆತ್ಮದ ನೆನಪು ಅಳಿಯುತ್ತದೆ.' ದಿನಾಂಕ ಹಾಕಿದ. ಒಮ್ಮೆ ಓದಿ ನೋಡಿದ.

"ಎರಡು ಸಲ ಬಂತು," ಎಂದ, ತನ್ನಷ್ಟಕ್ಕೆ. "ಆತ್ಮ."

ಆಮೇಲೆ ಎದ್ದರು. ಇನ್ನು ಬಹುವಚನದಲ್ಲೇ ಬರೆಯಬೇಕು. ಸಾಬಾನ ಇಪ್ಪತ್ತು ಪುಟಗಳನ್ನು ಮೇಜಿಗೆ ಕುಟ್ಟಿ ಅಂಚು ಸಮ ಮಾಡಿ ಕಡತಕ್ಕೆ ಹಾಕಿಕೊಂಡರು. ಬಾಗಿಲ ಬಳಿ ಹೋಗಿ ಪಟ್ಟಿ ನೋಡಿದರು. ಬೋರಿಸ್‌ನ ಹೆಸರನ್ನು ಹೊಡೆದರೆ ಎಂಟು ಹೆಸರು ಉಳಿಯುತ್ತಿತ್ತು. ಒಂಬತ್ತನೆಯದಾಗಿ ತಮ್ಮ ಹೆಸರು ಬರೆದರು.

ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಕೂಟದಲ್ಲಿ ಇಪ್ಪತ್ನಾಲ್ಕು ಸಾವು. ಸರಾಸರಿ ಹನ್ನೊಂದು ತಿಂಗಳಿಗೆ ಒಂದು ಕುರ್ಚಿ. ಒಂಬತ್ತು ಕುರ್ಚಿಗೆ ತೊಂಬತ್ತೊಂಬತ್ತು ತಿಂಗಳು. ಎಂಟು ವರ್ಷ ಮೂರು ತಿಂಗಳು. ಪೆನ್ನಿನ ಮುಚ್ಚಳ ಹಾಕುತ್ತಾ ಅವರ ತುಟಿ ಅಲ್ಲಾಡುತ್ತಿತ್ತು. ಅವರೂ ಅದೇ ಲೆಕ್ಕ ಹಾಕುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು. ಎಪ್ಪತ್ಮೂರಕ್ಕೆ ಎಂಟು ಕೂಡಿಸಿದಾಗ ತುಟಿ ನಿಂತಿತು.

ಕಲಿನಾ ಎದ್ದು ಕೊಕ್ಕೆಯಿಂದ ಟೋಪಿ ತೆಗೆದಳು. ಚೆನ್ನಾಗಿ ಬೆಳೆಸಿದ ಮನೆಯ ಹುಡುಗಿ. "ಪಾನ್ ಅಪೊಲಿನಾರಿ, ನಿಮ್ಮ ಟೋಪಿ. ಜೋಪಾನವಾಗಿ ಹೋಗಿ, ಮೆಟ್ಟಿಲು ಒದ್ದೆ ಇದೆ."

ಅದನ್ನು ಅವಳು ಮೆಲ್ಲಗೇ ಹೇಳಿದಳು. ಮೂರು ಸಲ ಹೇಳಬೇಕಾಗಲಿಲ್ಲ. ಒಂದೇ ಸಲಕ್ಕೆ ಅವರಿಗೆ ಕೇಳಿಸಿತು.

ಗುಸ್ತಾವ್ ತಲೆ ಎತ್ತಲಿಲ್ಲ. ಬಾಗಿಲವರೆಗೆ ನಾನು ಹೋದೆ, ಸೂತ್ರಧಾರನಾಗಿ ಅದು ನನ್ನ ಕೆಲಸ. ಹೊರಗೆ ಇನ್ನೂ ಬೆಳಕಿತ್ತು, ಐದೂ ಆಗಿರಲಿಲ್ಲ. ಶ್ವಿದ್ನಿಕ್ ಬಸ್ಸಿಗೆ ನಲವತ್ತು ನಿಮಿಷವಿತ್ತು. ಮೊದಲ ಮೆಟ್ಟಿಲು ಇಳಿದವರು ನಿಂತರು, ತಿರುಗಿದರು, ಕೈಗಂಬಿ ಹಿಡಿದುಕೊಂಡರು.

"ಹುಬೆರ್ಟ್," ಎಂದರು. "ನಿನ್ನನ್ನ ಒಂದು ಮಾತು ಕೇಳ್ಲಾ?"

ಕೇಳು ಅನ್ನಬಹುದಿತ್ತು. ಮೇಜು ಒಳಗಿತ್ತು, ಮೆಟ್ಟಿಲ ಮೇಲೆ ನಾವಿಬ್ಬರೇ ಇದ್ದೆವು, ಪುಸ್ತಕದ ಯಾವ ಪುಟದಲ್ಲೂ ಮೆಟ್ಟಿಲಿನ ನಿಯಮವಿಲ್ಲ. ಕೋಟೆ ಬಿದ್ದ ದಿನ ನಾನು ನಿಂತಿದ್ದೂ ಇದೇ ಮೆಟ್ಟಿಲ ಮೇಲೆ.

"ಕೇಳಿ," ಎಂದೆ.

ಅವರು ನನ್ನನ್ನು ನೋಡಿದರು. ಕರಡಿನಲ್ಲಿ ತಪ್ಪು ಕಂಡಾಗ ನೋಡುವಂತೆ ನೋಡಿದರು, ಬೆರಳು ಅರೆಕ್ಷಣ ಮೇಲೆದ್ದಿತು ಕೂಡ. ಆಮೇಲೆ ಕೈ ಟೋಪಿಗೆ ಹೋಯಿತು.

"ಏನಿಲ್ಲ, ಬಿಡಿ," ಎಂದರು.

ಒಳಗೆ ಬಂದಾಗ ಕಲಿನಾ ಬೋರಿಸ್‌ಗೆ ಫೋನಿನಲ್ಲಿ ಬೇಗ ಬಾ ಎನ್ನುತ್ತಿದ್ದಳು. ಕಾಗದದ ಚೀಲ ಮೇಜಿನ ಮೇಲೇ ಇತ್ತು, ಅದರಲ್ಲಿ ಒಂದು ರೊಟ್ಟಿ ಉಳಿದಿತ್ತು. ಅದು ಅವರ ಪಾಲಿನದು. ತಣ್ಣಗಾಗಿತ್ತು. ಬೋರಿಸ್ ಬರುವವರೆಗೆ ಗುಸ್ತಾವ್ ಅದನ್ನು ಮೂರು ಸಮಭಾಗ ಮಾಡುತ್ತಾ ಕೂತ.